ಬೋರಲು ಹಾಕಿದ ಕಪ್

ಸಂಗನಬಸವ ಮಾಮಾ ಜಗಳವೆಂದರೆ ಮಾರು ದೂರ ಸರಿಯುವ ಮನುಷ್ಯ. ಎಂಜಿನಿಯರ್ ಆಗಿಯೂ ಯಾರ ಮೇಲೂ ದನಿ ಏರಿಸಿದವರಲ್ಲ. ನಮ್ಮೂರು ಮಿಶ್ರಿಕೋಟಿಯಲ್ಲಿ ಎಲ್ಲರೂ ಅದನ್ನು ದೊಡ್ಡ ಗುಣವೆಂದು ಹೊಗಳುತ್ತಿದ್ದರು, ನನ್ನನ್ನು ಬಿಟ್ಟು. ನಾನು ಅವರ ಕೈಕೆಳಗೆ ನಕ್ಷೆ ಬರೆದವಳು. ಆ ಮೌನ ಕಂಡರೆ ನನಗೆ ಮೈಯುರಿಯುತ್ತಿತ್ತು.

ಅವರೂ ಅವರ ದೋಸ್ತ ಹನಮಂತಪ್ಪ ಕಾಕಾನೂ ಕೂಡಿ ಕಲಘಟಗಿಯಲ್ಲಿ ಆಫೀಸು ತೆರೆದಾಗ ಇದ್ದದ್ದು ಒಂದು ಟೇಬಲ್ಲು, ಎರಡು ಕುರ್ಚಿ. ಮನೆ, ಗೋದಾಮು, ನೀರಿನ ಟಾಕಿ ಕಟ್ಟುವವರಿಗೆ ನಕ್ಷೆ ಮಾಡಿಕೊಡುವುದು ಕೆಲಸ. ಶುರುವಿನಲ್ಲೇ ಒಮ್ಮೆ ಮನೆ ಕಟ್ಟಿಸುವವನ ಎದುರಿಗೇ ಇಬ್ಬರೂ ಕಿತ್ತಾಡಿ, ಬಹಳ ದಿನ ಮಾತು ಬಿಟ್ಟಿದ್ದರಂತೆ. ಮತ್ತೆ ಕೂಡಿದಾಗ ಒಂದು ಪದ್ಧತಿ ಮಾಡಿಕೊಂಡರು. ಕೆಲಸ ತಂದವರು ಕೂತಾಗ ಚಹಾದಂಗಡಿಯ ದಾವೂದಸಾಬ ಎಲ್ಲರ ಮುಂದೆ ಖಾಲಿ ಕಪ್ ಇಟ್ಟು, ಕಿಟ್ಲಿ ಹಿಡಿದು ನಿಲ್ಲುತ್ತಿದ್ದ. ಇಬ್ಬರಲ್ಲಿ ಯಾರಿಗೆ ಒಪ್ಪಿಗೆ ಇಲ್ಲವೋ ಅವರು ತಮ್ಮ ಕಪ್ ಬೋರಲು ಹಾಕಬೇಕು. ಯಾಕೆ, ಏನು ಅಂತ ಕೇಳುವಂತಿಲ್ಲ, ಆ ಕೆಲಸ ಬಿಟ್ಟಂತೆ. ಅವರ ದೋಸ್ತಿ, ಆಫೀಸು ಎರಡೂ ಹಾಗೇ ನಡೆದವು.

ಆಮೇಲೆ ಬೆಳೆದರು. ಸರಕಾರದ ಕೆಲಸ ಬಂದವು, ಹುಬ್ಬಳ್ಳಿಯಲ್ಲಿ ಗಾಜಿನ ಆಫೀಸು ಬಂತು, ಇಬ್ಬರಿದ್ದ ಪಾಲುದಾರರು ಹತ್ತಾರು ಮಂದಿಯಾದರು. ಸಮಿತಿ ಮಾಡಿದರು, ಹನಮಂತಪ್ಪ ಕಾಕಾ ಅದರ ಅಧ್ಯಕ್ಷರಾದರು. ವಿರೋಧವಿದ್ದವರು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಸುಮ್ಮನಿದ್ದವರು ಒಪ್ಪಿದಂತೆ ಎಂದು ನಿಯಮ ಬರೆದರು. ಲೆಕ್ಕ ಹಾಕುವವರು ಒಬ್ಬರು, ಸಹಿ ಮಾಡುವವರು ಇನ್ನೊಬ್ಬರು. ಯಾರ ಕೆಲಸ ಯಾರಿಗೂ ಕಾಣದು. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯುವುದಿಲ್ಲ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ನಾನಂತೂ ಹುಬ್ಬಳ್ಳಿಗೆ ಹೋಗದೆ ಕೆಲಸ ಬಿಟ್ಟೆ.

ಹೋದ ವರ್ಷ ಬಮ್ಮಿಗಟ್ಟಿ ಆಚೆಯ ಒಂದು ಹಳ್ಳಿಯ ನೀರಿನ ಟಾಕಿಯ ನಕ್ಷೆ ಒಪ್ಪಿಗೆಗೆಂದು ಸಭೆಗೆ ಬಂತು. ಜಾಗ ಹಳೇ ಕೆರೆ ಮುಚ್ಚಿದ ನೆಲ. ಮಣ್ಣನ್ನು ಇನ್ನೊಮ್ಮೆ ಪರೀಕ್ಷೆ ಮಾಡದೆ ಅಲ್ಲಿ ಟಾಕಿ ನಿಲ್ಲಿಸಬಾರದು ಅಂತ ಮಾಮಾನ ಮನಸ್ಸು. ಆದರೆ ಅಷ್ಟು ಹೊಸಬರ ಎದುರು ಹನಮಂತಪ್ಪನಿಗೆ ಎದುರಾಡುವುದೇ? ಚಹಾ ಯಂತ್ರದ ಬಾಜು ಇದ್ದ ಕಾಗದದ ಕಪ್ ಒಂದನ್ನು ತಂದು, ತಮ್ಮ ಮುಂದೆ ಬೋರಲು ಹಾಕಿ ಕೂತರು.

ಸಭೆಯ ನಡಾವಳಿ ಬರೆಯುತ್ತಿದ್ದ ಹೊಸ ಪಾಲುದಾರಳು ಅಮೃತಾ, "ಯಾರದರ ವಿರೋಧ ಐತೇನ್ರಿ?" ಎಂದು ಕೇಳಿದಳು. ಮಾಮಾ ಸುಮ್ಮನಿದ್ದರು. ಎಲ್ಲರೂ ಒಪ್ಪಿದರು ಎಂದು ಬರೆದುಕೊಂಡಳು. ಆ ಕಪ್ ಕಸದ ಬುಟ್ಟಿಗೆ ಹೋಯಿತು.

ಮನೆಗೆ ಬಂದು ಮಾಮಾ ಹೆಂಡತಿ ನೀಲಕ್ಕನಿಗೆ ಹೇಳಿದರಂತೆ, "ಹನಮ್ಯಾ ನೋಡ್ಯಾನ. ಅವನೇ ನಿಲ್ಲಸ್ತಾನ ಬಿಡು." ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಸುಡಲಿ ಆ ಬಂಗಾರ!

ಈ ಮಳೆಗಾಲದಲ್ಲಿ ಟಾಕಿ ವಾಲಿ ಬಿತ್ತು. ಊರಿಗೆ ನೀರು ಬಿಡಲು ಹೋಗಿದ್ದ ಮಾಳಪ್ಪ ಅದರ ಕೆಳಗೆ ಸಿಕ್ಕಿ ಸತ್ತ. ಮಾಮಾ ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ನೋಡಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಟಾಕಿ ಬಿದ್ದದ್ದರ ತನಿಖೆಗೆ ಮುಂಚಿನ ದಿನ ನಾನು ಅವರ ಮನೆಯಲ್ಲೇ ಇದ್ದೆ. ಹನಮಂತಪ್ಪ ಕಾಕಾ ಬಂದರು. ನೀಲಕ್ಕ ಹಳೇ ರೂಢಿಯಂತೆ ಖಾಲಿ ಕಪ್ ಇಟ್ಟು, ಕಿಟ್ಲಿ ಹಿಡಿದು ನಿಂತಳು.

"ಸಂಗ್ಯಾ, ಅಂದು ಬಾಯಿಬಿಟ್ಟು ಹೇಳಬಾರದಾಗಿತ್ತೇನಲೇ?"

"ನೀ ಕಪ್ ನೋಡಿದ್ದಿಲ್ಲೇನು?"

ಕಾಕಾ ತಲೆ ತಗ್ಗಿಸಿದರು. "ನೋಡಿದ್ದೆ. ನಿಯಮದಾಗ ಕಪ್ ಇಲ್ಲಲ್ಲೋ." ಮತ್ತೆ ಅಂದರು, "ನಾಳೆ ಎಲ್ಲಾರೂ ಮನಸಾರೆ ಒಪ್ಪಿದ್ವಿ, ಮಣ್ಣಿನ ಬಗ್ಗೆ ಯಾರಿಗೂ ಸಂಶೆ ಇರಲಿಲ್ಲ ಅಂತ ಹೇಳು. ಇಷ್ಟು ಮಂದಿ ಹೊಟ್ಟಿ ಮ್ಯಾಲ ಹೊಡಿಬ್ಯಾಡ."

ಮಾಮಾನ ಕೈ ಕಪ್ಪಿನ ಕಡೆಗೆ ಹೋಯಿತು. ಮುಟ್ಟಿತು. ಆಮೇಲೆ ಹಾಗೇ ಹಿಂದೆ ಬಂತು.

"ಒಲ್ಲೆ," ಅಂದರು, ಓಣಿಗೆಲ್ಲ ಕೇಳುವ ಹಾಗೆ.

ಮಾಳಪ್ಪನನ್ನು ಮಣ್ಣು ಮಾಡಿ ಆಗಲೇ ತಿಂಗಳಾಗಿತ್ತು.