ದೊರೆಮಗನನ್ನು ಅಲ್ಲಾಡಿಸಿ ನೋಡಿದವರು ಯಾರು?

ಕಳೆದ ಭಾನುವಾರ ನಾನು ಒಬ್ಬ ದೊರೆಯನ್ನು ಸಿಂಹಾಸನದಿಂದ ಇಳಿಸಿದೆ. ಅದೂ ನಮ್ಮ ಮನೆಯ ಅಂಗಳದಲ್ಲಿ, ಬೆಳಗಿನ ಎರಡನೇ ಕಾಫಿಗೆ ಮೊದಲೇ!

ಆಯುಧ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ. ತಿಪಟೂರಿನ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಇನ್ನೂರು ವರ್ಷದ ಹಿಂದೆ ಕಡಲಾಚೆಯ ಒಂದು ದೇಶ ತನ್ನ ದೊರೆಯ ಮೇಲೆ ತಿರುಗಿಬಿದ್ದಾಗ ಯಾರೋ ಪುಣ್ಯಾತ್ಮ ಬರೆದ ಪ್ರಬಂಧ. ಅಪ್ಪ ದೊರೆಯಾಗಿದ್ದ ಅಂತ ಮಗನೂ ದೊರೆಯಾಗಬೇಕೇ? ಅದೇ ಅವನ ತಕರಾರು. ಹೊನ್ನವಳ್ಳಿ ಬಸ್ಸಿನಲ್ಲಿ ನಿಂತುಕೊಂಡೇ ಅರ್ಧ ಓದಿದೆ. ಇಳಿಯುವ ಸ್ಟಾಪ್ ತಪ್ಪಿಹೋಯಿತು. (ಎಮರ್ಜೆನ್ಸಿಯಲ್ಲಿ ಇಂಥದ್ದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಲೂ ಹೆದರುತ್ತಿದ್ದವನು ನಾನು. ಈಗ ಭಾರೀ ವೀರ!)

ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅಂಗಳದಲ್ಲಿ ಸಿದ್ದಕ್ಕ ಸಿಕ್ಕಳು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಇಳಿಸಿದಾಗಲೆಲ್ಲ ಕೊಬ್ಬರಿ ಒಡೆಯಲು ಬರುವವಳು ಅವಳೇ. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಗಡಗಡ ಅಂದರೆ ಕೊಬ್ಬರಿ ಆಗಿದೆ, ಒಡೆಯುತ್ತಾಳೆ. ಸದ್ದಿಲ್ಲವೇ? ಪಕ್ಕಕ್ಕೆ.

ನಾನು ಓದಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಇದ್ಕೆಲ್ಲ ಬುಕ್ಕು ಬೇಕಾ ಸೋಮಿ? ಈ ಕಾಯೆಲ್ಲ ಒಂದೇ ತೋಟದ್ದು. ಹಂಗಂತ ಅಲ್ಲಾಡಿಸ್ದೆ ಒಡೀತೀನಾ? ಆ ದೊರೆ ಮಗನ್ನೂ ಒಂದ್ಸಲ ಅಲ್ಲಾಡ್ಸಿ ನೋಡ್ಬೇಕಿತ್ತು, ಬುಡಿ."

ಅಷ್ಟರಲ್ಲಿ ಊರಿನ ನಾಲ್ವರು ಹಿರಿಯರು ಹಾರ ಹಿಡಿದುಕೊಂಡು ಬಂದರು. ನಮ್ಮೂರ ಶಾಲೆಯ ಕಮಿಟಿಗೆ ಮೊದಲು ನಮ್ಮ ತಾತ ಅಧ್ಯಕ್ಷರು, ಆಮೇಲೆ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಕುರ್ಚಿ ಖಾಲಿ ಇತ್ತು.

"ನಿಮ್ಮ ಮನೆ ಕುರ್ಚಿ ನಿಮ್ಮಲ್ಲೇ ಇರ್ಲಿ ಕಣಪ್ಪ. ಎಲೆಕ್ಷನ್ನು ಗಿಲೆಕ್ಷನ್ನು ಏನೂ ಬ್ಯಾಡ" ಅಂದರು ದೊಡ್ಡವರು.

ನಿಜ ಹೇಳಲೇ? ಖುಷಿಯಾಯಿತು. ಹಾರಕ್ಕೆ ಕತ್ತು ತಾನಾಗಿಯೇ ಬಗ್ಗಿತು. (ಪುಸ್ತಕ ಇನ್ನೂ ಕೈಯಲ್ಲೇ ಇತ್ತು, ಪುಟದ ನಡುವೆ ಬೆರಳು ಸಮೇತ!)

ಹಿಂದೆ ಗಡಗಡ ಸದ್ದು. ಸಿದ್ದಕ್ಕ ಬೇಕಂತಲೇ ಒಂದು ಕಾಯನ್ನು ಜೋರಾಗಿ ಅಲ್ಲಾಡಿಸುತ್ತಿದ್ದಳು.

"ಮಳೆ ಬಂದ್ರೆ ನನ್ ಮೊಮ್ಮಗಳು ಕ್ಲಾಸ್ನಾಗೆ ಸ್ಲೇಟು ತಲೆ ಮ್ಯಾಲಿಟ್ಕಂಡು ಕೂತ್ಕತಾಳೆ ಸೋಮಿ. ನೀವು ಆ ಸ್ಕೂಲೊಳೀಕೆ ಕಾಲಿಟ್ಟು ಎಷ್ಟು ದಿನ ಆಯ್ತು?"

ಯೋಚಿಸಿದೆ. ನಾಲ್ಕನೇ ಕ್ಲಾಸು ಪಾಸಾಗಿ ಬಂದವನು ಮತ್ತೆ ಹೋಗಿಯೇ ಇಲ್ಲ! ನಾಚಿಕೆಯಾಯಿತು. ಬಗ್ಗಿದ ಕತ್ತನ್ನು ಮೇಲೆತ್ತಿ, ಊರು ಸೇರಿಸಿ ಕೈ ಎತ್ತಿಸಿಯೇ ಆರಿಸಿ ಅಂದುಬಿಟ್ಟೆ. ಹಿರಿಯರು ಮುನಿಸಿಕೊಂಡು ಕಾಫಿಯನ್ನೂ ಕುಡಿಯದೆ ಹೋದರು.

ಬರುವ ಭಾನುವಾರ ಸಭೆ. ನಾನೂ ನಿಂತಿದ್ದೇನೆ, ಟೈಲರ್ ರುದ್ರಪ್ಪನೂ ನಿಂತಿದ್ದಾನೆ. ನಿಲ್ಲಲಿ! ಸೋಮವಾರವೇ ಶಾಲೆಗೆ ಹೋಗಿ ಏಣಿ ಹಾಕಿ ಹತ್ತಿ, ಎಲ್ಲೆಲ್ಲಿ ಹೆಂಚು ಒಡೆದಿದೆ ಅಂತ ನೋಡಿಕೊಂಡು ಬಂದೆ. ಗೆಲ್ಲುವ ಧೈರ್ಯ ನನಗಿದೆ.

ಆ ಧೈರ್ಯದಲ್ಲೇ ನಿನ್ನೆ ಸಿದ್ದಕ್ಕನನ್ನು ಕೇಳಿದೆ, ನಿನ್ನ ಕೈ ಯಾರಿಗೆ ಅಂತ.

"ಇನ್ನೂ ಅಲ್ಲಾಡುಸ್ತಾ ಇದೀನಿ, ತಡೀರಿ ಸೋಮಿ!"