ಎಲ್ಮರೋಡದ ಗುರಾಣಿಯ ಮೇಲಿನ ಪಾನಪಾತ್ರೆ

ಸಾಮ್ರಾಟನನ್ನು ಕುದುರೆಸಮೇತ ಹೊತ್ತು ತುಂಬಿದ ಸಾಲೆ ನದಿಯನ್ನು ದಾಟಿಸಿದ ಎಲ್ಮರೋಡದ ಕೌಂಟ್ ಎಕ್ಬರ್ಟನು ನನ್ನ ಮೂಲಪುರುಷನು. ಅಂದು ಊರಿದ ಗೊರಸಿನ ಗುರುತು ತಲೆಮಾರುಗಳನ್ನು ಇಳಿದು ಬಂದು ನನ್ನ ಎಡಹೆಗಲ ಮೇಲೆ ಇಂದಿಗೂ ಇದೆ, ಬೇಕಾದವರು ಬಂದು ನೋಡಬಹುದು. ಅಂಥ ಮನೆತನದವನೇ ಬರೆಯಬೇಕಾದ ಅಭಿನಂದನೆ ಇದು. ಏಕೆಂದರೆ ಆ ವಂಶವೃಕ್ಷವನ್ನು ಬೇರಿನಿಂದ ಚಿಗುರಿನವರೆಗೆ ಬಿಡಿಸಿಟ್ಟವರು, ನಮ್ಮೂರ ಪತ್ರಾಗಾರದಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಡಾ. ರೋಸ್ವಿತಾ ಎಲ್ಲರ್‌ಕಾಂಪ್ ಅವರು. ಮಧ್ಯಯುಗದ ಜರ್ಮನ್ ವಂಶಾವಳಿಗಳಲ್ಲಿ ಅವರು ಒಪ್ಪಿದ ಹೆಸರು ಉಳಿಯಿತು, ಹುಬ್ಬೇರಿಸಿದ ಹೆಸರು ಉದುರಿತು.

ಅವರು ಬಂದ ವರ್ಷ ನಾನು ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದೆ. ಕೌಂಟರ ಯುದ್ಧಗಳನ್ನು ಬರೆದವರು ಬಹಳ ಮಂದಿ. ಡಾಕ್ಟರಮ್ಮ ಹುಡುಕಿದ್ದು ಹೆಸರಿಟ್ಟೊಡನೆ ತೀರಿಕೊಂಡ ಕೂಸುಗಳನ್ನು. ಮಠದ ಸನ್ಯಾಸಿನಿಯರು ಯಾವ ದಿನ ಯಾರ ಆತ್ಮಕ್ಕೆ ಪ್ರಾರ್ಥಿಸುತ್ತಿದ್ದರೆಂಬುದನ್ನು ಹಿಡಿದು, ಪಂಡಿತರೆಲ್ಲ ಒಬ್ಬಳೆಂದುಕೊಂಡಿದ್ದ ಕೌಂಟರ ಮಗಳು ಯುಟಾ ನಿಜಕ್ಕೂ ಇಬ್ಬರೆಂದು ತೋರಿಸಿದರು. ಸತ್ತ ಅಕ್ಕನ ಹೆಸರನ್ನೇ ತಂಗಿಗೆ ಇಟ್ಟಿದ್ದರು. ಆ ಸಂಜೆ ಅವರು ಅಕ್ಕನಿಗಾಗಿ ಮೇಣದ ಬತ್ತಿ ಹಚ್ಚಿ, "ಎಷ್ಟು ಕಾಲ ಆಯ್ತೋ, ಯಾರೂ ಕರೆದೇ ಇರಲಿಲ್ಲ, ಪಾಪ" ಎಂದಿದ್ದರು.

ನನ್ನ ಹೆಂಡತಿ ಹಾನೆಲೋರೆ ಹೆತ್ತು ಮಲಗಿದ್ದಾಗ ಅವರು ನಮ್ಮ ಮನೆಗೆ ತಂದ ಆಲೂಗಡ್ಡೆ ಸೂಪಿನಲ್ಲಿ ದೋಣಿ ಬಿಡಬಹುದಿತ್ತು. ಆಗಲೇ ಅವರು ನಮ್ಮ ಬಾಗಿಲ ಮೇಲಿನ, ಮನೆತನದ ಲಾಂಛನವಿರುವ ಗುರಾಣಿಯನ್ನು ಕಂಡದ್ದು. ಚರ್ಚಿನ ಬಾಗಿಲ ಬಳಿ ಇರುವ ಕೌಂಟ್ ಬುರ್ಕಾರ್ಟನ ಸಮಾಧಿಯ ಮೇಲಿನ ಗುರಾಣಿಯನ್ನು ನೋಡಿ ನಾನೇ ಕೆತ್ತಿದ್ದೆ. ನಡುವೆ ಒಂದು ಪಾನಪಾತ್ರೆ.

"ನಮ್ಮೋರು ಕುಡಿಯೋದ್ರಲ್ಲೂ ಶೂರರು, ಡಾಕ್ಟರಮ್ಮ!"

ಅವರು ಒಮ್ಮೆ ಮೇಲೆ ನೋಡಿ, "ಪ್ಲಮ್ ಕೇಕ್ ಚೆನ್ನಾಗಿದೆ" ಎಂದರು.

ಮೊನ್ನೆಯ ಶರತ್ಕಾಲದಲ್ಲಿ ನಮ್ಮ ಮೇಯರ್ ಬ್ರೋಕ್‌ಹೋಫ್, ಪುರಭವನದ ಗೋಡೆಯ ಮೇಲೆ ಆ ವಂಶವೃಕ್ಷವನ್ನು ಬರೆಸಿ, ತುದಿಯ ಎಲೆಯಲ್ಲಿ ನನ್ನ ಹೆಸರು ಹಾಕಿಸಲು ಹೊರಟರು. "ಒಂದು ಸಹಿ ಹಾಕಿ ಡಾಕ್ಟರಮ್ಮ. ಬದುಕಿರೋ ಕೌಂಟ್ ಸಿಕ್ರೆ ಊರಿಗೇ ಕಳೆ!" ಸಹಿ ಹಾಕಿದರೆ ಅವರ ಜೀವಮಾನದ ದುಡಿಮೆಯಲ್ಲಿ ಒಂದು ಸುಳ್ಳು ಹೆಸರು, ಹಾಕದಿದ್ದರೆ ಊರಲ್ಲಿ ನಾನು ತಲೆಯೆತ್ತುವಂತಿರಲಿಲ್ಲ. ಅವರು ಮೇಯರಿಗೆ ಏನೂ ಹೇಳದೆ ನನ್ನನ್ನು ಚರ್ಚಿಗೆ ಕರೆದೊಯ್ದರು. ಪೂಜಾವೇದಿಕೆಯ ಹಿಂದೆ ಹಳೆಯ ಕೌಂಟರ ಸಮಾಧಿಗಳು; ಪ್ರತಿ ಗುರಾಣಿಯ ಮೇಲೂ ಒಂದು ಗಂಟೆಯ ಕೆತ್ತನೆ.

"ಗಂಟೆ ಯಾಕೆ? ನಮ್ಮ ಪಾನಪಾತ್ರೆ ಎಲ್ಲಿ?"

"ಇದೇ ಕಣೋ ನಿನ್ನ ಪಾನಪಾತ್ರೆ, ನೆಟ್ಟಗೆ ನಿಂತಿದೆ. ವಂಶದ ಕೊನೆಯವನನ್ನ ಹೂಳುವಾಗ ಗುರಾಣೀನ ತಲೆಕೆಳಗು ಮಾಡ್ತಿದ್ರು. ಬುರ್ಕಾರ್ಟ್ ಆದ್ಮೇಲೆ ಯಾರೂ ಇಲ್ಲ, ಡೆಟ್‌ಲೆಫ್."

"ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ನೀನು ಬಾಗಿಲಿಗೆ ಮೊಳೆ ಹೊಡೆದಿದ್ದೆ, ಅಷ್ಟೇ. ಈಗ ನನ್ನ ಮರ ಹತ್ತೋಕೆ ಬಂದಿದ್ದೀಯ."

"ಇವತ್ತೇ ತಿರುಗಿಸಿ ಹಾಕ್ತೀನಿ."

"ಬೇಡ ಮಾರಾಯ. ಹಾಗೇ ಇರಲಿ, ಅದೊಂದಾದ್ರೂ ನಿಮ್ಮನೇಲಿ ನಿಜ ಹೇಳಲಿ."

ಮೇಯರಿಗೆ ನಾನೇ ಹೋಗಿ ಹೇಳಿದೆ. ಗೋಡೆಯ ಮರ ಬುರ್ಕಾರ್ಟನಲ್ಲಿ ನಿಂತಿದೆ. ದೊಡ್ಡ ಯುಟಾ ತನ್ನ ಕೊಂಬೆಯ ಮೇಲಿದ್ದಾಳೆ. ಕರೆಯುವವರಿಲ್ಲದ ಕೂಸುಗಳು ಇನ್ನೆಷ್ಟೋ ಮನೆತನಗಳಲ್ಲಿ ಕಾದಿವೆ. ಅವನ್ನೆಲ್ಲ ಹುಡುಕಿ ಕರೆಯುವಷ್ಟು ಆಯುಷ್ಯ, ಆರೋಗ್ಯ, ಕಣ್ಣಬೆಳಕು ಡಾಕ್ಟರಮ್ಮನಿಗಿರಲಿ.

ಈ ಲೇಖನದ ಕರಡನ್ನೂ ಅವರೇ ತಿದ್ದಿದರು. ಮೊದಲ ವಾಕ್ಯಕ್ಕೇ ಹುಬ್ಬೇರಿತು. ಆದ್ದರಿಂದ ಹೇಳಿಬಿಡುತ್ತೇನೆ: ಹೆಗಲ ಮೇಲಿನ ಗುರುತು ಗೊರಸಿನದೇ, ಅಷ್ಟು ನಿಜ. ನನ್ನಜ್ಜ ಆಡು ಕಾಯುತ್ತಿದ್ದ, ಅವುಗಳಲ್ಲೊಂದು ಒದ್ದದ್ದು.