ಚೀಫ್ ತಾತನ ಉಗಿಹಡಗು

ಚೀಫ್ ಅವರ ಎಡಗಿವಿಯ ಪಕ್ಕದಲ್ಲಿ, ಕೆನ್ನೆ ಶುರುವಾಗುವ ಕಡೆ, ಹುಣಸೆಬೀಜದಷ್ಟು ತಗ್ಗು ಬಿದ್ದಿತ್ತು. ಹಡಗಿನ ಎಂಜಿನ್ ಕೋಣೆಯಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು ಒಳಗಿನ ಸದ್ದು ಕೇಳುತ್ತಿದ್ದರಂತೆ. ಮೂವತ್ತು ವರ್ಷ ಕೇಳಿ ಕೇಳಿ ಕೊನೆಗೆ ಕಿವಿಯೇ ಹೋಯಿತು. ಡಬ್ಲಿನ್ನಿನ ಸಿಟಿವೆಸ್ಟ್ ಬಡಾವಣೆಯ ಮಗಳ ಮನೆಗೆ, ಅಂದರೆ ನಮ್ಮ ಪಕ್ಕದ ಮನೆಗೆ, ಬರುವ ಹೊತ್ತಿಗೆ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಅದೂ ಕನ್ನಡವಾದರೆ ಮಾತ್ರ. "ಈ ಊರಿನವ್ರು ಬಾಯೇ ತೆರೆಯಲ್ಲ ಕಣಮ್ಮ, ಚಳಿ ಒಳಗೆ ಹೋಗುತ್ತೆ ಅಂತಲೋ ಏನೋ!" ಎನ್ನುತ್ತಿದ್ದರು.

ಮೈಸೂರಿನವರು, ಇಪ್ಪತ್ತು ತುಂಬುವವರೆಗೆ ಸಮುದ್ರವನ್ನೇ ಕಂಡಿರಲಿಲ್ಲ. ಸರಕು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿ ನಿವೃತ್ತರಾದ ಮೇಲೆ ಹಿಡಿದದ್ದು ಹಳೇ ಯುದ್ಧನೌಕೆಗಳ ಹುಚ್ಚು. ಓಟ್ಸ್ ಡಬ್ಬದ ರಟ್ಟು ಕತ್ತರಿಸಿ ಒಂದನ್ನು ಮಾಡಿಟ್ಟಿದ್ದರು. ಮೂರು ಹಾಯಿಕಂಬ, ನಡುವೆ ಒಂದು ಚಿಮಣಿ.

ನನ್ನ ಮಗಳಿಗೆ ಆಗ ಹತ್ತು ವರ್ಷ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಅಪ್ಪಟ ಡಬ್ಲಿನ್ ಇಂಗ್ಲಿಷಿನಲ್ಲಿ. ಗದರಿದೆ, ಬೇಡಿಕೊಂಡೆ, ಚಾಕೊಲೇಟಿನ ಆಸೆ ತೋರಿಸಿದೆ. "ಐಯಾಮ್ ಗ್ರ್ಯಾಂಡ್, ಮಮ್", ಅಂದರೆ ನನಗೇನೂ ಬೇಡಮ್ಮ, ಎಂದು ಎದ್ದು ಹೋಗುತ್ತಿದ್ದಳು. ಈ ಮಗುವಿನ ಬಾಯಿಂದ ಕನ್ನಡ ಕೇಳುವ ಭಾಗ್ಯ ನನಗಿಲ್ಲವೇನೋ ಎಂದು ಒಳಗೊಳಗೇ ಕೊರಗುತ್ತಿದ್ದೆ.

ಒಮ್ಮೆ ಶಾಲೆಯಲ್ಲಿ ಹಳೇ ಹಡಗುಗಳ ಬಗ್ಗೆ ಬರೆಯಲು ಹೇಳಿದರು. ಚೀಫ್ ಮುಂದೆ ಕೂತು ಇಂಗ್ಲಿಷಿನಲ್ಲಿ ಪಟಪಟನೆ ಕೇಳಿದಳು. ಅವರು ತಲೆ ಅಲ್ಲಾಡಿಸಿ ರಟ್ಟಿನ ಹಡಗನ್ನು ಅವಳ ಮುಂದಿಟ್ಟರು. "ಕನ್ನಡದಲ್ಲಿ ಕೇಳು ಪುಟ್ಟಿ, ನಿಧಾನಕ್ಕೆ. ಇದು ಉಗಿಹಡಗು."

ಅವಳಿಗೆ ಗೊತ್ತಿದ್ದ ಉಗಿ ಒಂದೇ: "ಅಪ್ಪ ಬಂದ್ರೆ ಉಗೀತಾರೆ ನೋಡು" ಎಂದು ನಾನು ದಿನಾ ಹೆದರಿಸುವ ಉಗಿ. ತುಂಬ ಯೋಚಿಸಿ, ಬಾಯಿ ಅಗಲಿಸಿ ಕೇಳಿದಳು: "ತಾತ, ಈ ಹಡಗು... ಯಾರಿಗೆ ಉಗೀತಿತ್ತು?"

ನನಗೆ ನಗು ತಡೆಯಲಾಗಲಿಲ್ಲ. ಚೀಫ್ ನಗಲಿಲ್ಲ.

"ಒಳ್ಳೇ ಪ್ರಶ್ನೆ. ಉಗೀತಿದ್ದೋನು ಕ್ಯಾಪ್ಟನ್ನು, ಎಂಜಿನಿಯರ್‌ಗೆ. ಬಿಳೀ ಹಾಯಿಗೆಲ್ಲ ಮಸಿ ಮೆತ್ತಿಕೊಳ್ಳುತ್ತಲ್ಲ, ಅದಕ್ಕೆ. ಉಗಿದು ಉಪ್ಪಿನಕಾಯಿ ಹಾಕೋನು!"

"ಎಂಜಿನ್ ಇದ್ರೆ ಹಾಯಿ ಯಾಕೆ?"

"ನಡುಸಮುದ್ರದಲ್ಲಿ ಕಲ್ಲಿದ್ದಲು ಮುಗಿದ್ರೆ? ಎಂಜಿನ್ ಕೈಕೊಟ್ರೆ? ಗಾಳಿ ಪುಕ್ಕಟೆ ಪುಟ್ಟಿ."

ಆಮೇಲೆ ಶನಿವಾರವಾದರೆ ಅವಳು ಅಲ್ಲೇ. ಮೊದಮೊದಲ ಉಗಿಹಡಗುಗಳಿಗೆ ಪಕ್ಕದಲ್ಲಿ ನೀರು ತಳ್ಳುವ ದೊಡ್ಡ ಚಕ್ರ ಇಟ್ಟರಂತೆ. ಅದಕ್ಕೆ ಒಂದು ಗುಂಡು ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ನೀರಿನಡಿಯ ಪ್ರೊಪೆಲ್ಲರ್ ಬಂತು. ಹಾಯಿ ಬಿಚ್ಚಿದಾಗ ಅದು ನೀರಿಗೆ ಅಡ್ಡ ಬರದ ಹಾಗೆ ಮೇಲಕ್ಕೆತ್ತಿ, ಚಿಮಣಿಯನ್ನೂ ತಗ್ಗಿಸುತ್ತಿದ್ದರಂತೆ. ಕೊನೆಗೆ ಸುತ್ತಲೂ ತಿರುಗುವ ಭಾರೀ ಫಿರಂಗಿಗಳು ಬಂದಾಗ ಹಾಯಿಕಂಬಗಳೇ ಅಡ್ಡವಾದವು. ಇದನ್ನೆಲ್ಲ ಅವಳು ಕನ್ನಡದಲ್ಲೇ ಕೆದಕಿ ಕೇಳಬೇಕಿತ್ತು. ನಡುವೆ ಅವರದ್ದು ತಿದ್ದುಪಡಿ: "ಳ ಅನ್ನೋವಾಗ ನಾಲಿಗೆ ಮಡಚು, ನಂಗೆ ಕಾಣ್ಲಿ."

ಎರಡು ವರ್ಷ ಕಳೆದು, ಚೀಫ್ ಬ್ಯೂಮಾಂಟ್ ಆಸ್ಪತ್ರೆ ಸೇರಿದರು. ಡಾಕ್ಟರು ಇಂಗ್ಲಿಷಿನಲ್ಲಿ ಮೆಲ್ಲಗೆ ವಿವರಿಸುತ್ತಿದ್ದರು. ಚೀಫ್ ಆ ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದರು, ಏನೂ ತಿಳಿಯುತ್ತಿರಲಿಲ್ಲ. ಚೀಫ್ ಮಗಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿದ್ದೆ. ನಾನು ತಡೆಯುವ ಮೊದಲೇ ನನ್ನ ಮಗಳು ಮಂಚದ ಹತ್ತಿರ ಹೋಗಿ, ಅವರ ಮುಖದ ಎದುರಿಗೆ ಬಗ್ಗಿದಳು.

"ತಾತ, ಹಾರ್ಟ್ ತುಂಬ ಸುಸ್ತಾಗಿದೆಯಂತೆ. ಆಪರೇಷನ್ ಮಾಡಲ್ಲ. ನಿಮಗೆ ನೋವಾಗದ ಹಾಗೆ ನೋಡ್ಕೋತಾರೆ. ನಾವೆಲ್ಲ ಇಲ್ಲೇ ಇರ್ತೀವಿ."

ಅವರು ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ. "ತಿಳೀತು ಪುಟ್ಟಿ," ಎಂದರು. "ಒಂದಕ್ಷರನೂ ಬಿಡ್ಲಿಲ್ಲ ನೀನು."

ಮೂರನೆಯ ದಿನ ಹೋದರು. ಮಗಳ ಬಾಯಿಗೆ ಕನ್ನಡ ಬರಲಿ ಎಂದು ಹಂಬಲಿಸಿದವಳು ನಾನು, ಬರಿಸಿದವರು ಅವರು. ಆ ಭಾಷೆಯಲ್ಲಿ ಅವಳು ಆಡಬೇಕಾದ ಅತಿ ಕಷ್ಟದ ಮಾತು ಅವರಿಗೇ ಆಗುತ್ತದೆಂದು ಯಾರಿಗೆ ಗೊತ್ತಿತ್ತು? ಸುದ್ದಿ ತಿಳಿದ ಮೇಲೆ ಅವಳು ನನ್ನನ್ನು ಕೇಳಿದಳು: "ಅಮ್ಮ, ನಾನು ಹೇಳಿದ್ದಕ್ಕೆ ತಾತಂಗೆ ಹೆದರಿಕೆ ಆಗ್ಲಿಲ್ಲ ಅಲ್ವಾ?"